ಓದಲು ಮಾತ್ರ

ಸಾಗರದ ಸರ್ವೆ ಆಫೀಸು, ಬೆಳಗ್ಗೆ ಹತ್ತು.
ರಾತ್ರಿಯ ಲಾಗ್ ತೆರೆದರೆ
ನಾನೂರ ನಲವತ್ತೈದನೇ ಪೋರ್ಟಿಗೆ
ಮೂರು ಸಾವಿರದ ಹನ್ನೊಂದು ಸಲ ತಟ್ಟಿದ್ದಾರೆ.

"ಯಾರಮ್ಮಾ ಅದು?" ಚಹಾ ಇಟ್ಟು ಚೌಡಪ್ಪ ಕೇಳಿದ.
ಯಾರೂ ಅಲ್ಲ ಮಾರಾಯ, ಹೆಸರಿಲ್ಲದ ಯಂತ್ರಗಳು,
ಕಂಡ ಕಂಡ ಚಿಲಕ ಎಳೆದು ನೋಡುವವು.
"ನಮ್ಮಜ್ಜನ ಮನೆಗೆ ಚಿಲಕವೇ ಇರ್ಲಿಲ್ಲಂತೆ.
ದಣಪೆ ಒಂದಿತ್ತು. ಅದೂ ದನಕ್ಕೆ."

ಮಧ್ಯಾಹ್ನದೊಳಗೆ ಮುಚ್ಚಿದೆ.
ಮೊದಲ ಸಾಲು: ಯಾರಿಗೂ ಇಲ್ಲ.
ಆಮೇಲೆ ಒಂದೊಂದೇ ವಿಳಾಸ ಎಣಿಸಿ ಒಳಗೆ ಬಿಟ್ಟೆ,
ಸಾಹೇಬರದ್ದು, ನಕ್ಷೆ ತಿದ್ದುವ ರಹಮತಳದ್ದು.
ಪ್ರಿಂಟರನ್ನು ಮರೆತು ಬೈಸಿಕೊಂಡೆ.

ಸಂಜೆ ಕಸ ಗುಡಿಸಿಯಾದ ಮೇಲೆ
ಮೂಲೆಯ ಹಳೇ ಕಂಪ್ಯೂಟರಿನ ಮುಂದೆ
ಚೌಡಪ್ಪ ಸುಮ್ಮನೆ ಕೂತಿದ್ದ.
ಹೊನ್ನೆಮಕ್ಕಿಯ ನಕ್ಷೆ ಬರುತ್ತಿಲ್ಲ.
ಊರು ಹಿನ್ನೀರಿನಡಿ ಹೋಗಿ ಅರವತ್ತು ವರ್ಷ,
ಅಜ್ಜನ ಗದ್ದೆ ಉಳಿದಿರುವುದು
ಆ ಫೋಲ್ಡರಿನಲ್ಲಿ.
ತಿಂಗಳಿಗೊಮ್ಮೆ ನೋಡುತ್ತಾನಂತೆ,
ನನಗೆ ಗೊತ್ತೇ ಇರಲಿಲ್ಲ.

ಅವನ ಯಂತ್ರಕ್ಕೂ ಒಂದು ಸಾಲು ಬರೆದೆ.
ಹಕ್ಕು ಎಂಬಲ್ಲಿ ಕೈ ಒಂದು ಗಳಿಗೆ ನಿಂತಿತು.
ನಿಯಮದಂತೆ ಒತ್ತಿದೆ: ಓದಲು ಮಾತ್ರ.

ಸರ್ವೆ ನಂಬರು ಎಂಬತ್ತೆರಡರ ಅಂಚಿಗೆ
ಬೆರಳಿಟ್ಟು ಚೌಡಪ್ಪ ಅಂದ,
"ದಣಪೆ ಇಲ್ಲೆಲ್ಲೋ ಇದ್ದಿರ್ಬೇಕು."