ಹಾಲುಹಲ್ಲು

ಹುಮನಾಬಾದ ರಸ್ತೆಯ ಗುಜರಿ ಅಂಗಡಿಗಳ ಹಿಂದೆ
ಮೂರು ಸಣ್ಣ ಮಷೀನು ನಿಂತಿದ್ದವು,
ಸಂತೆಯಲ್ಲಿ ಕಟ್ಟಿದ ಹೋರಿಗಳ ಹಾಗೆ
ಮೂತಿ ನೆಲಕ್ಕೂರಿ.
ನಾನು ಬಗ್ಗಿ ಮೊದಲು ಮುಟ್ಟಿದ್ದು ಬಕೆಟ್ಟಿನ ಹಲ್ಲು.
ಝಹೂರ್‌ಮಿಯಾ ನಕ್ಕ:
"ಎತ್ತು ಖರೀದಿಗೆ ಬಂದೀರೇನ್ರಿ ಘಾಳೆಪ್ಪ?"

ಬಂದದ್ದು ಹಾಗೇ ಅನ್ನಿ.
ಅಪ್ಪ ದೇವಣಿ ಹೋರಿಗಳ ದಲಾಲಿ.
ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು,
ತುಟಿ ಎತ್ತಿ ನೋಡಿ ವಯಸ್ಸು ಹೇಳುತ್ತಿದ್ದ.
ಮಗ ನಾನು ಹದಿನಾಲ್ಕು ವರ್ಷ
ಹಳದಿ ದೊಡ್ಡ ಮಷೀನಿನ ಮೇಲೆ ಕೂತವ,
ಬೇಲಿ ಬಿದ್ದರೂ ತಿರುಗಿ ನೋಡದವ.

ಈ ಕೆಲಸ ಬೇರೆ.
ಬೀದರಿನ ಕೆಂಪು ಕಲ್ಲಿನ ನೆಲ ಮುಗಿದು
ಒಮ್ಮೆಲೇ ಕೆಳಗೆ ಧುಮುಕುವ ಅಂಚಿನಲ್ಲಿ
ಸುರಂಗ ಬಾವಿಯ ಒಂದು ಬಾಯಿ ಮುಚ್ಚಿಹೋಗಿದೆ.
ಮಣ್ಣು, ಸೀತಾಫಲದ ಬೇರು, ಯಾರೋ ಎಸೆದ ಟೈರು.
ಇಳಿಯಲು ಇರುವುದು ಕುರಿ ದಾರಿ,
ಎರಡು ಬಂಡೆಗಳ ನಡುವೆ
ಮೂರು ಅಡಿ, ಮೇಲೆ ನಾಲ್ಕು ಬೆರಳು.
ಅಳೆದ ಸುತ್ತಲಿ ಗಂಟು ಹಾಕಿ ಜೇಬಿನಲ್ಲಿಟ್ಟಿದ್ದೆ.

ಮೊದಲನೆಯದಕ್ಕೆ ಸುತ್ತಲಿ ಹಿಡಿದೆ, ಸಾಲಲಿಲ್ಲ.
ಎರಡನೆಯದು ಜಾಣ:
ಗುಂಡಿ ಒತ್ತಿದರೆ ಹೊಟ್ಟೆ ಒಳಗೆಳೆದು
ಎರಡೂ ಪಟ್ಟಿ ಹತ್ತಿರ ಮಾಡಿಕೊಳ್ಳುತ್ತಿತ್ತು.
ಮೂರನೆಯದು ಬಡಕಲು. ಟನ್ನಿಗೂ ಕಡಿಮೆ,
ರಬ್ಬರು ಬಿರಿದು, ಮೊಣಕೈಯಲ್ಲಿ ಎಣ್ಣೆ ಜಿನುಗಿ.
ಕಮಿಟಿಯ ಬಂಡೆಪ್ಪ ಫೋನಿನಲ್ಲೇ ಕೂಗಿದ:
"ಜೋರಿದ್ದದ್ದು ತರ್ರಿ, ಕಲ್ಲು ಒಡೀಬೇಕು!"

ಎರಡನೆಯದನ್ನೇ ತರುತ್ತಿದ್ದೆ,
ಹಿಂದಿನ ದಿನ ದುರಗವ್ವ ಸಿಗದಿದ್ದರೆ.
ವಡ್ಡರ ಓಣಿಯ ಮುದುಕಿ. ಅವಳ ಮಾವ
ಹಗ್ಗ ಹಿಡಿದು ಆ ಬಾಯಿಗಳಿಗೆ ಇಳಿದವ.
ಹಾರೆಯ ಹಿಂಬದಿಯಿಂದ ನೆಲ ಕುಟ್ಟುತ್ತಾ ನಡೆದಳು:
"ಕೇಳು. ಇಲ್ಲಿ ತುಂಬೇದ.
ಇಲ್ಲಿ... ಇಲ್ಲೀನೂ ತುಂಬೇದ.
ಇಲ್ಲಿ ನೋಡು, ನೆಲದ ಹೊಟ್ಟಿ ಹಸದದ."
ನನಗೂ ಕೇಳಿಸಿತು, ಮಡಕೆಯಂಥ ಸದ್ದು.
"ಜೋರ್ ಕೇಳಬ್ಯಾಡೋ ತಮ್ಮಾ, ಭಾರ ಕೇಳು."

ಝಹೂರ್‌ಮಿಯಾನ ಮುಂದೆ ಟವೆಲು ಹಾಸಿದೆ.
ಅದರಡಿ ಅವನ ಬೆರಳು ಹಿಡಿದೆ,
ಅವನ ಅಜ್ಜನಿಗೂ ಗೊತ್ತಿದ್ದ ಲೆಕ್ಕ.
ಬಡಕಲು ಮಷೀನಿನ ತಿಂಗಳ ಬಾಡಿಗೆ
ಇವತ್ತಿಗೂ ನಮ್ಮಿಬ್ಬರಿಗೇ ಗೊತ್ತು.

ಇಳಿಸುವಾಗ ಬೂಮು ದಿಬ್ಬದ ಕಡೆ,
ಬಕೆಟ್ಟು ನೆಲಕ್ಕೆ ಕಚ್ಚಿ,
ಮೆಟ್ಟಿಲಿಗೆ ಬೆನ್ನು ಮಾಡಿ ಇಳಿವ ಮುದುಕಿಯ ಹಾಗೆ.
ಮೇಲೆ ಬೇವಿನ ಬುಡಕ್ಕೆ ಸುತ್ತಿದ ಹಗ್ಗವನ್ನು
ನಾಲ್ವರು ಗೇಣು ಗೇಣಾಗಿ ಬಿಟ್ಟರು.
ಬಂಡೆಗಳ ನಡುವೆ ಒಂದು ಕಡೆ ಬಣ್ಣ ಹೋಯಿತು.
ನಾನು ಉಸಿರು ಬಿಡಲಿಲ್ಲ,
ಬಿಟ್ಟರೆ ಅಗಲವಾದೇನು ಅನ್ನಿಸಿತ್ತು.

ಮೂರು ದಿನ ಅಗೆದೆ. ಚಮಚೆಯಲ್ಲಿ ಉಪ್ಪು ತೆಗೆದಂತೆ.
ಎರಡನೆಯ ದಿನ ಪಟ್ಟಿ ಕಳಚಿತು,
ಬಿಸಿಲಲ್ಲಿ ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.
ಆ ಕಲ್ಲು ಒಳಗೆ ಮೆತ್ತಗೆ,
ಗಾಳಿ ತಾಕಿದ್ದಷ್ಟೇ ಗಟ್ಟಿ.
ಹೊರಗಿನ ಆ ಒಂದು ಪದರಕ್ಕೆ
ಬಕೆಟ್ಟಿನ ನಡುಹಲ್ಲು ಟಕ್ಕನೆ ಹೋಯಿತು.

ಬಾಯಿ ಎರಡು ಮೊಳ ದೂರವಿರುವಾಗ
ದುರಗವ್ವ ಕೈ ಎತ್ತಿದಳು. ಇಂಜಿನ್ ಆರಿಸಿದೆ.
ಸೆರಗು ಸಿಕ್ಕಿಸಿ, ಸೊಂಟಕ್ಕೆ ಹಗ್ಗ ಬಿಗಿದು,
ಗುದ್ದಲಿ ಹಿಡಿದು ಅವಳೇ ಮುಂದೆ ಹೋದಳು.
ಕೂತಲ್ಲೇ ಕೂತು ಎಣಿಸಿದೆ, ಹತ್ತು, ಹನ್ನೆರಡು ಏಟು.
ಆಮೇಲೆ ಮಣ್ಣು ಬಿದ್ದ ಸದ್ದು
ಎಲ್ಲೋ ಆಳದಿಂದ, ತಡವಾಗಿ ಬಂತು.

ನೀರಲ್ಲ. ಮೊದಲು ಗಾಳಿ.
ಎಷ್ಟೋ ವರ್ಷ ಕತ್ತಲಲ್ಲಿ ಮಲಗಿದ್ದ ತಣ್ಣನೆ ಗಾಳಿ
ಬಿಸಿ ಸೈಲೆನ್ಸರಿಗೆ ತಾಗಿ ಚಿಟ್ ಚಿಟ್ ಅಂದಿತು.

ಸಂಜೆ ಝಹೂರ್‌ಮಿಯಾನ ಫೋನು:
"ಹ್ಯಾಂಗದರಿ ನಮ್ಮ ಹೋರಿ?"
ಜೇಬಿನಲ್ಲಿ ಮುರಿದ ಹಲ್ಲು, ಸುತ್ತಲಿಯ ಗಂಟಿಗೆ ತೊಡರಿ.
"ಹಾಲುಹಲ್ಲು ಬಿದ್ದದ," ಅಂದೆ,
"ಇನ್ನು ಬೆಲಿ ಏರಿಸಬ್ಯಾಡ್ರಿ ಮತ್ತ."