ಕೊಸರು

ಅಂಗೈಯಗಲದ ಡಬ್ಬಿ. ಮುನ್ನೂರ ಎಂಬತ್ತು ಯೆನ್.
ಮೇಲೆ ‘ಮಿಠಾಯಿ’ ಎಂದೇ ಬರೆದಿದೆ, ದಪ್ಪಕ್ಷರದಲ್ಲಿ.
ಒಳಗೆ ನಿಂಬೆಹುಳಿಯ ಬಿಲ್ಲೆ, ಒಂದೇ ಒಂದು,
ಕೆಮ್ಮಿನ ಮಾತ್ರೆಯಷ್ಟು;
ಅದರ ಮಗ್ಗುಲಲ್ಲಿ, ಕಪ್ಪು ಚೀಲದೊಳಗೆ
ಮುಖ ಮುಚ್ಚಿಕೊಂಡು
ಯಾರೋ ಒಬ್ಬರು.

ನಮ್ಮಜ್ಜಿಯ ಕಾಲದಲ್ಲಿ ತೋಫುವಿನವನು
ಎಣಿಸಿ ಕೊಟ್ಟ ಮೇಲೆ ಕೊಸರು ಹಾಕುತ್ತಿದ್ದ,
ಅಂಚು ಮುರಿದ ತುಂಡು.
ಯಾವುದು ಅಸಲು, ಯಾವುದು ಕೊಸರು
ಅಜ್ಜಿಗೆ ಗೊತ್ತಿತ್ತು, ತೋಫುವಿಗೂ ಗೊತ್ತಿತ್ತು.
ಈ ಡಬ್ಬಿಗೆ ಗೊತ್ತಿಲ್ಲ.
ಮಿಠಾಯಿಯ ಸಾಲಿನಲ್ಲಿ ಕೂರಲು
ಬಿಲ್ಲೆಯೊಂದನ್ನು ಸೆರಗಿಗೆ ಕಟ್ಟಿಕೊಂಡಿದೆ,
ಕರೆಯದ ಮದುವೆಗೆ ಬಂದವರು
ದೂರದ ನೆಂಟಸ್ತಿಕೆ ಹೇಳಿಕೊಂಡ ಹಾಗೆ.

ಮಾಲೆಯ ಹೆಸರು ‘ಹಳೆಯ ಬಂದರು’. ಹನ್ನೆರಡು ಬೊಂಬೆ.
ಟ್ಯೂನಾ ಹೊರುವವನು, ಬಲೆ ಹೊಲಿಯುವ ಮುದುಕಿ,
ಹರಾಜು ಕೂಗುವವನು, ಮೀನು ಕದಿಯುವ ಬೆಕ್ಕು
(ಬೆಕ್ಕೂ ಲೆಕ್ಕಕ್ಕೆ).
ಒಂಬತ್ತನೆಯವನು ಐಸು ಒಡೆಯುವವನು.

ಐಸು ಒಡೆಯುವವನು ನಾನು.
ಹಿದಾಕಾ ಶಿಗೆನೊಬು, ಅಬುರಾತ್ಸು ಬಂದರು,
ಮೂವತ್ತನಾಲ್ಕು ವರ್ಷ.
ಈಗ ಯಂತ್ರ ಒಡೆಯುತ್ತದೆ. ಚೆನ್ನಾಗಿಯೇ ಒಡೆಯುತ್ತದೆ.
ಡಬ್ಬಿಯ ಬೆನ್ನಿನ ಚಿತ್ರದಲ್ಲಿ ಅವನು
ಎಡಗಾಲು ಮುಂದಿಟ್ಟು ಬಗ್ಗಿದ್ದಾನೆ.
ಸರಿಯಾಗಿದೆ. ಎಡಗಾಲೇ ಮುಂದಿರಬೇಕು.
ಯಾರೋ ನೋಡಿ ಮಾಡಿದ್ದಾರೆ.

ಅಂಗಡಿಯಲ್ಲಿ ಡಬ್ಬಿಗಳನ್ನು ಕಿವಿಗಿಟ್ಟು ಅಲ್ಲಾಡಿಸುತ್ತೇನೆ.
ಟ್ಯೂನಾದವನು ‘ಧಡ್’ ಅನ್ನುತ್ತಾನೆ, ಬೆಕ್ಕು ಏನೂ ಅನ್ನುವುದಿಲ್ಲ.
ಗಲ್ಲಾದ ಹುಡುಗ ತಿಲಕ್ ಗುರುಂಗ್,
ಪೊಖರಾದಿಂದ ಓದಲು ಬಂದವನು,
ನನಗಿಂತ ಚೆನ್ನಾಗಿ ಬಗ್ಗಿ ನಮಸ್ಕರಿಸುವವನು,
‘ದಯವಿಟ್ಟು ಅಲ್ಲಾಡಿಸಬೇಡಿ’ ಎಂಬ ಚೀಟಿಯನ್ನು
ನಾನು ಬರುವುದು ಕಂಡರೆ
ಬೇರೆ ಕಡೆ ತಿರುಗಿಸಿಡುತ್ತಾನೆ.

ಇಪ್ಪತ್ತೇಳು ಡಬ್ಬಿ.
ಏಳು ಜನ ಟ್ಯೂನಾ ಹೊರುವವರು, ಐದು ಮುದುಕಿಯರು,
ಬೆಕ್ಕುಗಳನ್ನು ಎಣಿಸುವುದು ಬಿಟ್ಟಿದ್ದೇನೆ.
ಸಕ್ಕರೆ ಕಾಯಿಲೆ ನನಗೂ ಇದೆ, ತೊಕಿಯೆಗೂ ಇದೆ;
ಬಿಲ್ಲೆಗಳೆಲ್ಲ ಚಹಾದ ಡಬ್ಬದಲ್ಲಿ.
ಪಕ್ಕದ ಮನೆಯ ಇಬುಕಿ ಶಾಲೆ ಬಿಟ್ಟವಳೇ ಬಂದು
ಕೈಯೊಡ್ಡುತ್ತಾಳೆ. ಬೊಂಬೆ ಬೇಡವೇನೇ ಅಂದರೆ
‘ಅದನ್ನು ತಿನ್ನೋಕಾಗತ್ತಾ?’ ಅನ್ನುತ್ತಾಳೆ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದುಂಟು.
ನನ್ನದು ಉಲ್ಟಾ.
ತುತ್ತು ಊರ ಬಾಯಿಗೆಲ್ಲ ಬಂತು,
ಕೈಗೆ ಬರಬೇಕಾದವನು ಬರಲಿಲ್ಲ.

ಇಪ್ಪತ್ತೆಂಟನೆಯದರಲ್ಲಿ ಬಂದ.

ಟೋಪಿ ಇದೆ. ರಬ್ಬರ್ ಬೂಟಿದೆ. ಎಡಗಾಲು ಮುಂದಿದೆ.
ಎತ್ತಿದ ಮುಷ್ಟಿಯಲ್ಲಿ ಮೊಳೆಯಷ್ಟು ತೂತು;
ಚಾಣವಿಲ್ಲ.
ಚೀಲ ಕೊಡವಿದೆ, ಡಬ್ಬಿ ಹರಿದೆ,
ತೊಕಿಯೆ ಮಂಡಿಯೂರಿ ಚಾಪೆಯ ಸಂದಿಯನ್ನು
ಸೂಜಿಯಿಂದ ಕೆದಕಿದಳು.
ಐಸು ಒಡೆಯುವವನು ಬರಿಗೈ ಎತ್ತಿಕೊಂಡು ನಿಂತಿದ್ದ,
ತರಗತಿಯಲ್ಲಿ ಮೇಷ್ಟ್ರು ಕರೆಯದ
ಹುಡುಗನ ಹಾಗೆ.

ಕಂಪನಿಗೆ ಬರೆದೆ. ಎರಡು ಪುಟ.
ಚಾಣ ಹಿಡಿಯುವುದು ಹೇಗೆ ಎಂಬುದನ್ನೂ ಬರೆದೆ,
ಅವರು ಕೇಳಿರಲಿಲ್ಲ.
ಮೂರು ವಾರಕ್ಕೆ ಉತ್ತರ: ದಪ್ಪ ಕಾಗದ,
ತಮ್ಮ ಮನಸ್ಸಿಗೆ ನೋವಾದುದಕ್ಕೆ ತಲೆಬಾಗಿ ಕ್ಷಮೆ,
ಜೊತೆಗೆ ಬದಲಿ ಬೊಂಬೆ.
ಅಲ್ಲಾಡಿಸಿದೆ.
ಧಡ್.

ಎಂಟನೆಯ ಟ್ಯೂನಾದವನು.
ಹೊರಲು ಎಂಟು ಜನ, ಮೀನು ಕೆಡದಂತೆ ಕಾಯಲು
ಆಯುಧವಿಲ್ಲದ ಒಬ್ಬ.
ಲಕೋಟೆಯ ತಳದಲ್ಲಿ ಇನ್ನೊಂದು ಪೊಟ್ಟಣ:
‘ನಮ್ಮ ಕಡೆಯಿಂದ ಸಣ್ಣ ಕಾಣಿಕೆ.’ ನಿಂಬೆಹುಳಿ ಬಿಲ್ಲೆ,
ಐವತ್ತು.

ಇಬುಕಿ ಹಲ್ಲುಕಡ್ಡಿಯ ತುದಿ ಮುರಿದು ತೂತಿಗೆ ಸಿಕ್ಕಿಸಿದಳು.
ಉದ್ದ ಹೆಚ್ಚಾಯಿತು ಅಂದೆ.
ಮತ್ತೆ ಮುರಿದಳು. ಈಗ ಗಿಡ್ಡ ಅಂದೆ.
ಅವಳು ಎರಡು ಬಿಲ್ಲೆ ಬಾಯಿಗೆ ಹಾಕಿಕೊಂಡು ಮನೆಗೆ ಹೋದಳು.

ರಾತ್ರಿ ತೊಕಿಯೆ ಮಲಗಿದ ಮೇಲೆ
ದೀಪ ಹಾಕದೆ ಪೊಟ್ಟಣ ಬಿಚ್ಚಿದೆ.
ಇಷ್ಟು ತಿಂಗಳಲ್ಲಿ ಮೊದಲ ಸಲ ಒಂದನ್ನು
ನಾಲಿಗೆಯ ಮೇಲಿಟ್ಟುಕೊಂಡೆ.
ಮೊದಲು ಹುಳಿ, ಆಮೇಲೆ ತಣ್ಣಗೆ,
ಹಿಮದ ಪುಡಿಯ ಹಾಗೆ ಕುಸಿದು ಹೋಯಿತು.

ಚೆನ್ನಾಗಿತ್ತು.
ಅದೇ ಬೇಜಾರು.