ತುಂಬು

ಬೆಳಿಗ್ಗೆ ಆರೂವರಿಗೆ ಶಿಡೇನೂರ ಅಗಸಿಯಾಗ
ನನ್ನ ಟಂಟಂ ನಿಂತು ಮೂರು ಸಲ ಹಾರ್ನ್ ಹೊಡೀತೈತಿ.
ಮೊದಲನೇ ಹಾರ್ನಿಗೆ ಚಾದಂಗಡಿ ಶೆಟರ್ ಏಳತೈತಿ,
ಎರಡನೇದಕ್ಕ ನಾಯಿ.
ಮೂರನೇದಕ್ಕ ಯಾರೂ ಇಲ್ಲ.

ಮೊದಲ ಹಿಂಗಿರಲಿಲ್ಲ. ಹದಿನೆಂಟು ಮಂದಿ
ತೊಡಿ ಮ್ಯಾಲ ತೊಡಿ ಇಟ್ಟು,
ಬುತ್ತಿಗಂಟು ಬಗಲಾಗ ಒತ್ತಿಕೊಂಡು ಕುಂದರತಿದ್ರು.
ಬ್ಯಾಡಗಿ ಮುಟ್ಟೂತನಕ ನಗಿ, ಜಗಳ, ಎಲಿ ಅಡಿಕಿ.
ಸಂಜಿಗೆ ಅದೇ ಗಾಡಿ ತುಂಬ ಕೆಂಪು ಮಂದಿ:
ಹುಬ್ಬು ಕೆಂಪು, ಸೆರಗು ಕೆಂಪು, ಉಗುರಿನ ಸಂದಿ ಕೆಂಪು,
ಮತ್ತ ಕೆಮ್ಮು.

ಬ್ಯಾಡಗಿ ಪ್ಯಾಟ್ಯಾಗ ಕೆಮ್ಮು ಅಂದ್ರ ಹಾಜರಿ.
ಮೆಣಸಿನಕಾಯಿ ಅಂಗಳದಾಗ ಒಬ್ಬಾಕಿ ಕೆಮ್ಮಿದ್ರ
ಆಚಿ ರಾಶಿಯಿಂದ ಇನ್ನೊಬ್ಬಾಕಿ ಕೆಮ್ಮಿ
'ನಾನೂ ಅದೀನಿ' ಅಂದಂಗ.
ಕಾಯಿ ಕಾಯಿಯ ತುಂಬು ಮುರಿಯೂದು, ಬುಟ್ಟಿಗೆ ಹಾಕೂದು,
ಕಿಲೋ ಲೆಕ್ಕ, ತಕ್ಕಡಿ ಲೆಕ್ಕ.
ಕೆಮ್ಮಿನ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಆಮ್ಯಾಲ ಆ ವರ್ಷ ಬಂತಲ್ಲ,
ಫೋನ್ ಹಚ್ಚಿದ್ರ ಫೋನೇ ಕೆಮ್ಮೂ ವರ್ಷ,
ಅವಾಗ ಲೆಕ್ಕ ಇಟ್ರು.
ರೇಶನ್ ಪಾಳೇದಾಗ ಕೊಟ್ರವ್ವ ಒಂದು ಸಲ ಕೆಮ್ಮಿದ್ದಕ್ಕ
ಹಾವು ಕಂಡಂಗ ಪಾಳಿ ಹರದು ಎರಡಾತು.
'ಖಾರದ ಕೆಮ್ಮೋ ಯಪ್ಪಾ, ಮೆಣಸಿನಕಾಯಿದು' ಅಂದ್ಲು.
ಖಾಲಿ ಚೀಲ ಹಿಡಕೊಂಡು ಮನಿಗೆ ಬಂದ್ಲು.
ಆಕಿ ಸತ್ತದ್ದು ಆ ರೋಗದಿಂದೋ
ಇಪ್ಪತ್ತು ವರ್ಷದ ಖಾರದಿಂದೋ
ಹಾವೇರಿ ದವಾಖಾನಿ ಚೀಟಿಯಾಗ ಬರದಿಲ್ಲ.
ಡ್ರೈವರ್ ಸೀಟಿನ ಹಿಂದ ಆಕಿ ಕುಂದರೂ ಮೂಲ್ಯಾಗ
ಈಗ ನಾ ಸ್ಟೆಪ್ನಿ ಇಡತೀನಿ.

ಅಂಗಡಿ ತೆರದ್ವು. ರಾಶಿ ಬಿದ್ವು.
ಸಾವಕಾರ ನನ್ನ ಮ್ಯಾಲ ಹರಿಹಾಯತಾನ:
'ಎಲ್ಲಿ ಹೋದ್ರೋ ನಿನ್ನ ಮಂದಿ?
ಪುಕ್ಕಟೆ ಅಕ್ಕಿ ತಿಂದು ಮೈಗಳ್ಳರಾಗ್ಯಾರ.
ಕಿಲೋಕ್ಕ ಎರಡು ರೂಪಾಯಿ ಜಾಸ್ತಿ ಅಂತ ಹೇಳು.'
ಹೇಳಾಕ ಹೋದೆ, ಮನಿ ಮನಿಗೆ.

ಹೂವಕ್ಕ ರೊಟ್ಟಿ ಬಡೀತಿದ್ಲು.
ಕೈ ನಿಂದರಸಲಾರದ ಅಂದ್ಲು:
'ಎರಡು ತಿಂಗಳು ಮನಿಯಾಗ ಕುಂತೆ ನೋಡಪಾ.
ಮೊದಲನೇ ತಿಂಗಳು ಹಸಿವು. ಸುಳ್ಳು ಯಾಕ ಹೇಳಲಿ.
ಎರಡನೇ ತಿಂಗಳು ಒಂದಿನ ಕೂಸಿಗೆ ಎರೆದು
ಕಣ್ಣು ಒರಸಿದೆ. ಅಳಲಿಲ್ಲ.
ಹುಟ್ಟಿದಾಗಿಂದ ನನ್ನ ಕೈ ಕಂಡ್ರ ಮಾರಿ ತಿರುವತಿತ್ತು.
ಎಷ್ಟಂದಿ, ಎರಡು ರೂಪಾಯಿ?'
ಅಂದಾಕಿ ನನಗೊಂದು ರೊಟ್ಟಿ ಕೊಟ್ಲು,
ಪುಂಡಿಪಲ್ಯ ಜೋಡಿ.

ರಜಮಾಬಿ ಪುಕ್ಕಟೆ ಬಸ್ಸಿನಾಗ ರಾಣೆಬೆನ್ನೂರ ಕಡೆ ಹೋಗತಾಳ,
ಬೀಜದ ಕಂಪನಿ ಹೊಲದಾಗ ಹೂವಿಗೆ ಹೂವು ಮುಟ್ಟಸೂ ಕೆಲಸ.
'ಅಲ್ಲೂ ಕೂಲಿನ, ಅಲ್ಲೂ ಬಿಸಲ.
ಆದ್ರ ಬೊಗಸ್ಯಾಗ ನೀರು ಕುಡೀಬಹುದು.'
ತಾಂಡಾದ ಸೀತಬಾಯಿ ಮಾತೇ ಆಡಲಿಲ್ಲ.
ಕಟ್ಟಿದ ಎರಡು ಎಮ್ಮಿ ತೋರಿಸಿದ್ಲು.
ಟ್ರಂಕಿನಿಂದ ಒಂದು ಚೀಟಿ ತಗದು ತೋರಿಸಿದ್ಲು,
ಬಾಕಿ ಉಳದ ಹದಿಮೂರು ದಿನದ ಪಗಾರ,
ಕಾಗದ ಇನ್ನೂ ಕೆಂಪಗಿತ್ತು.
ಅವತ್ತ ಸಾವಕಾರಗ ಫೋನ್ ಹಚ್ಚಿದ್ದು ನನ್ನ ಮೊಬೈಲಿನಿಂದ.
ಫೋನು ಕೆಮ್ಮಿತು. ಸಾವಕಾರ ಎತ್ತಲಿಲ್ಲ.

ಇದನ್ನೆಲ್ಲ ಅಂಗಡಿಯಾಗ ಹೆಂಗ ಹೇಳಲಿ?
'ಮಂದಿ ಇಲ್ರೀ' ಅಂದೆ.
ಮಂದಿ ಅದಾರ. ಮಂದಿಗೆ ಕೈ ಅದಾವ.
ಆ ಕೈಗೆ ಉರಿ ಇಲ್ಲದ ಎರಡು ತಿಂಗಳು
ನೆನಪಾಗಿ ಕುಂತಾವ.

ಈಗೊಂದು ಯಂತ್ರ ತರಿಸ್ಯಾನಂತ ಸಾವಕಾರ.
ತುಂಬಿನ ಜೋಡಿ ಅರ್ಧ ಕಾಯಿನೂ ಕತ್ತರಸತೈತಂತ.
ನನ್ನ ಗಾಡಿಗೆ ಐದು ಮಂದಿ ಹತ್ತತಾರ, ಒಮ್ಮೊಮ್ಮೆ ಏಳು.
ತುಂಬೂದಿಲ್ಲ. ಡೀಸೆಲ್ ಗಿಟ್ಟೂದಿಲ್ಲ.
ಆದ್ರೂ ಆರೂವರಿಗೆ ಬಂದು ಹೊಡೀತೀನಿ, ರೂಢಿ.

ಇವತ್ತ ಹೂವಕ್ಕನ ಕೂಸು, ಈಗ ಆರು ವರ್ಷ,
ಓಡಿ ಬಂದು ಗಾಡಿ ಮುಂದ ನಿಂತು
ದೊಡ್ಡವರಂಗ ಮಾರಿ ಮಾಡಿ ಹೇಳತು:
'ಅವ್ವ ಮನಿಯಾಗಿಲ್ಲ ಅಂತ ಹೇಳು ಅಂದಾಳ.'
ಹಿಂದ ಬಾಗಲ ಸಂದಿಯಾಗ ಅವ್ವ ನಗತಿದ್ಲು.
ಮೊದಲ ಆಕಿ ನಕ್ಕರ ನಗಿ ಬೆನ್ನ ಹತ್ತಿ ಕೆಮ್ಮು ಬರತಿತ್ತು.
ಕಾದೆ, ಒಂದು ಗಳಿಗಿ.
ಗೇರ್ ಹಾಕಿದೆ.